ಮೊದಲು ಒಂದು ಸುಳ್ಳು ಉತ್ತರ ಹಿಡಿಯಿರಿ

ಪ್ರಶ್ನೆ: ನಮ್ಮದು ಗದಗ-ಬೆಟಗೇರಿ. ಮನೆಯಲ್ಲೇ ಜೋಳದ ರೊಟ್ಟಿ ಮಾಡಿ ಖಾನಾವಳಿಗಳಿಗೆ, ಅಂಗಡಿಗಳಿಗೆ ಕೊಡುತ್ತೇನೆ. ಮಗಳು ಒಂಬತ್ತನೇ ತರಗತಿ. ಸಮೀಕರಣ ಬರೆದುಕೊಟ್ಟರೆ ಪಟಪಟ ಬಿಡಿಸುತ್ತಾಳೆ. ಅದೇ ಲೆಕ್ಕವನ್ನು ನಾಲ್ಕು ಸಾಲಿನ ಮಾತಿನಲ್ಲಿ ಕೊಟ್ಟರೆ ಪೆನ್ನು ಕೆಳಗಿಡುತ್ತಾಳೆ. ‘ಎಕ್ಸ್ ಯಾವುದು ಅಂತನ ತಿಳಿಯೂದಿಲ್ಲವ್ವ’ ಅನ್ನುತ್ತಾಳೆ. ಅಂಥ ಲೆಕ್ಕ ನನಗೆ ಬಾಯಲ್ಲೇ ಬರುತ್ತದೆ. ಆದರೆ ಹೇಗೆ ಮಾಡಿದೆ ಅಂತ ಕೇಳಿದರೆ ಹೇಳಲು ಬರುವುದಿಲ್ಲ. ಅವಳಿಗೆ ಹೇಗೆ ಕಲಿಸಲಿ? ಪರೀಕ್ಷೆಯಲ್ಲಿ ಬಾಯಿಲೆಕ್ಕದ ಹಾಗೆ ಬರೆದರೆ ಅಂಕ ಸಿಗುತ್ತದೆಯೇ?

ಉತ್ತರ: ನಿಮ್ಮ ಮಗಳಿಗೆ ಬೀಜಗಣಿತ ಬರುತ್ತದೆ. ಬರುವುದಿಲ್ಲ ಎಂದು ನೀವೂ ಅಂದುಕೊಳ್ಳಬೇಡಿ, ಅವಳ ಮುಂದೆಯೂ ಅನ್ನಬೇಡಿ. ಅವಳು ತಡವರಿಸುತ್ತಿರುವುದು ಬಿಡಿಸುವುದರಲ್ಲಿ ಅಲ್ಲ. ಅದಕ್ಕೂ ಒಂದು ಹೆಜ್ಜೆ ಮೊದಲು, ಮಾತನ್ನು ಸಮೀಕರಣ ಮಾಡುವಲ್ಲಿ. ಧಾರವಾಡದಲ್ಲಿ ಹೈಸ್ಕೂಲು ಮಕ್ಕಳಿಗೆ ಗಣಿತ ಕಲಿಸಿಯೇ ನನ್ನ ನೌಕರಿ ಮುಗಿಯಿತು. ಹೆಚ್ಚಿನ ಮಕ್ಕಳು ನಿಲ್ಲುವ ಜಾಗ ಅದೇ. ಪುಸ್ತಕವೂ ಅಲ್ಲಿ ಕೈ ಹಿಡಿಯುವುದಿಲ್ಲ. ‘ಬೇಕಾದ ಸಂಖ್ಯೆ ಎಕ್ಸ್ ಆಗಿರಲಿ’ ಎಂದು ಒಂದು ಸಾಲು ಬರುತ್ತದೆ. ಮುಂದಿನ ಸಾಲಿನಲ್ಲಿ ಸಮೀಕರಣ ಸಿದ್ಧವಾಗಿ ಕೂತಿರುತ್ತದೆ. ನಡುವೆ ಏನಾಯಿತು ಎಂದು ಯಾರೂ ಹೇಳುವುದಿಲ್ಲ.

ಆ ನಡುವಿನದ್ದೇ ನಿಮಗೆ ಬೇಕಾದದ್ದು. ನನ್ನ ಸಲಹೆ ಇಷ್ಟು: ಎಕ್ಸ್ ಅನ್ನು ಸ್ವಲ್ಪ ಹೊತ್ತು ಹೊರಗೇ ನಿಲ್ಲಿಸಿ. ಮೊದಲು ಒಂದು ಸುಳ್ಳು ಉತ್ತರ ಹಿಡಿಯಲು ಹೇಳಿ. ಬಾಯಿಗೆ ಬಂದ ಯಾವುದೋ ಒಂದು ಸಂಖ್ಯೆ ಸಾಕು. ಆ ಉತ್ತರ ಸರಿಯೋ ತಪ್ಪೋ ಎಂದು ತಾಳೆ ನೋಡಲಿ. ಹಾಗೆ ತಾಳೆ ನೋಡುವಾಗ ಏನೇನು ಮಾಡಿದಳೋ ಅದೇ ಸಮೀಕರಣ.

ನಿಮ್ಮ ವ್ಯಾಪಾರದಿಂದಲೇ ಒಂದು ಲೆಕ್ಕ ತೆಗೆದುಕೊಳ್ಳೋಣ. ದರ ನಾನು ಹಿಡಿದದ್ದು, ನಿಮ್ಮದು ಬೇರೆ ಇರಬಹುದು. ಒಂದು ಖಾನಾವಳಿಗೆ ಒಟ್ಟು 100 ರೊಟ್ಟಿ ಕೊಟ್ಟಿದ್ದೀರಿ. ಕೆಲವು ಖಡಕ್, ಕೆಲವು ಮೆತ್ತಗಿನವು. ಖಡಕ್ ರೊಟ್ಟಿಗೆ 6 ರೂಪಾಯಿ, ಮೆತ್ತಗಿನದಕ್ಕೆ 8 ರೂಪಾಯಿ. ಒಟ್ಟು ದುಡ್ಡು 680. ಹಾಗಾದರೆ ಖಡಕ್ ರೊಟ್ಟಿ ಎಷ್ಟು?

ಮಗಳು ಇದನ್ನು ಓದಿ ಸುಮ್ಮನೆ ಕೂತಳು ಎಂದುಕೊಳ್ಳಿ. ‘ಖಡಕ್ ರೊಟ್ಟಿ 30 ಅಂತ ನಾನು ಹೇಳ್ತೀನಿ, ಖರೇನೋ ಸುಳ್ಳೋ ನೋಡು’ ಅನ್ನಿ. ಈಗ ಅವಳ ಕೈಗೆ ಕೆಲಸ ಸಿಕ್ಕಿತು. 30 ಖಡಕ್ ರೊಟ್ಟಿಗೆ 180 ರೂಪಾಯಿ. ಉಳಿದದ್ದು 70, ಅದಕ್ಕೆ ಎಂಟರಂತೆ 560. ಎರಡೂ ಸೇರಿ 740. ಆದರೆ ಬಂದದ್ದು 680. ಹಾಗಾಗಿ 30 ಸುಳ್ಳು.

ಸುಳ್ಳಾದದ್ದರಿಂದ ನಷ್ಟವೇನೂ ಇಲ್ಲ. ಈಗ ಅದೇ ಕೆಲಸವನ್ನು ಒಂದೇ ಸಾಲಿನಲ್ಲಿ ಬರೆಯಲು ಹೇಳಿ. ಒಂದು ಷರತ್ತು: ಎಲ್ಲೂ ಗುಣಿಸಬಾರದು, ಕಳೆಯಬಾರದು. 180 ಎಂದು ಬರೆಯಕೂಡದು, 30 × 6 ಎಂದೇ ಇರಲಿ. 70 ಎಂದು ಬರೆಯಕೂಡದು, 100 − 30 ಎಂದೇ ಇರಲಿ. ಆಗ ಹೀಗಾಗುತ್ತದೆ:

30 × 6 + (100 − 30) × 8, ಇದು 680 ಆಗಬೇಕಿತ್ತು.

ಈ ಷರತ್ತು ಬಹಳ ಮುಖ್ಯ. 70 ಎಂದು ಬರೆದುಬಿಟ್ಟರೆ ಅದು ಎಲ್ಲಿಂದ ಬಂತು ಎನ್ನುವ ಗುರುತೇ ಅಳಿಸಿಹೋಗುತ್ತದೆ. 100 − 30 ಎಂದು ಬಿಟ್ಟರೆ ಆ ಸುಳ್ಳು 30 ಎಲ್ಲೆಲ್ಲಿ ಕೂತಿದೆ ಎಂದು ಕಣ್ಣಿಗೆ ಕಾಣುತ್ತದೆ. ಎರಡು ಕಡೆ ಇದೆ, ಅಲ್ವಾ? ಈಗ ಆ ಎರಡೂ ಕಡೆ 30 ಒರೆಸಿ ಒಂದು ಅಕ್ಷರ ಹಾಕಲಿ. ಖಡಕ್ ರೊಟ್ಟಿಯ ಸಂಖ್ಯೆಗೆ ನಾನು ಖ ಎಂದು ಬರೆಯುತ್ತೇನೆ. ಶಾಲೆಯಲ್ಲಿ ಅವಳು ಎಕ್ಸ್ ಎಂದೇ ಬರೆಯಲಿ, ತೊಂದರೆ ಇಲ್ಲ.

6ಖ + 8(100 − ಖ) = 680

ಸಮೀಕರಣ ಬಂತು. ಇನ್ನು ಮುಂದಿನದು ಅವಳಿಗೆ ಬರುವ ಕೆಲಸ:

6ಖ + 800 − 8ಖ = 680
800 − 2ಖ = 680
2ಖ = 120
ಖ = 60

ಖಡಕ್ 60, ಮೆತ್ತಗಿನವು 40. ತಾಳೆ: 360 + 320 = 680.

ಈಗ ನಿಮ್ಮ ಬಾಯಿಲೆಕ್ಕಕ್ಕೆ ಬರೋಣ. ನೀವಾಗಿದ್ದರೆ ಇದನ್ನು ಬಹುಶಃ ಹೀಗೆ ಮಾಡುತ್ತಿದ್ದಿರಿ: ಎಲ್ಲಾ ಮೆತ್ತಗಿನವೇ ಆಗಿದ್ದರೆ 800 ಬರಬೇಕಿತ್ತು, 680 ಬಂದಿದೆ, 120 ಕಡಿಮೆ. ಒಂದೊಂದು ಖಡಕ್ ರೊಟ್ಟಿಗೆ 2 ರೂಪಾಯಿ ಕಡಿಮೆ, ಅಂದಮೇಲೆ ಖಡಕ್ 60. ಮೇಲಿನ ಎರಡನೇ ಸಾಲನ್ನು ಇನ್ನೊಮ್ಮೆ ನೋಡಿ: 800 − 2ಖ = 680. ನೀವು ಬಾಯಲ್ಲಿ ಹೇಳಿದ ಮಾತೇ ಅಲ್ಲಿ ಬರೆದಿದೆ. ಎಂಟುನೂರರಿಂದ ಖಡಕ್ ರೊಟ್ಟಿಗೆ ಎರಡರಂತೆ ಕಳೆದರೆ ಆರುನೂರ ಎಂಬತ್ತು. ಹೇಗೆ ಮಾಡಿದೆ ಎಂದು ಹೇಳಲು ಬರುವುದಿಲ್ಲ ಎಂದು ಬರೆದಿದ್ದೀರಿ. ಈ ಸಾಲನ್ನು ಮಗಳಿಗೆ ತೋರಿಸಿ ‘ನಾ ಹಿಂಗ ಮಾಡ್ತೀನಿ’ ಅನ್ನಿ, ಸಾಕು.

ಸುಳ್ಳು ಉತ್ತರದಿಂದ ಶುರು ಮಾಡುವುದು ನಾನು ಕಟ್ಟಿದ ಉಪಾಯ ಅಲ್ಲ. 12ನೇ ಶತಮಾನದ ಭಾಸ್ಕರಾಚಾರ್ಯರು ಲೀಲಾವತಿಯಲ್ಲಿ ಇದನ್ನು ಇಷ್ಟಕರ್ಮ ಎಂದು ಕಲಿಸಿದ್ದಾರೆ. ಅಲ್ಲಿಯ ಒಂದು ಲೆಕ್ಕ ಹೀಗಿದೆ. ಕಮಲದ ಹೂಗಳ ಒಂದು ರಾಶಿ. ಅದರಲ್ಲಿ ಮೂರನೇ ಒಂದು ಭಾಗ ಶಿವನಿಗೆ, ಐದನೇ ಒಂದು ಭಾಗ ವಿಷ್ಣುವಿಗೆ, ಆರನೇ ಒಂದು ಭಾಗ ಸೂರ್ಯನಿಗೆ, ನಾಲ್ಕನೇ ಒಂದು ಭಾಗ ದೇವಿಗೆ. ಉಳಿದ 6 ಹೂ ಗುರುಗಳಿಗೆ. ಒಟ್ಟು ಹೂ ಎಷ್ಟು?

ಸುಮ್ನೆ 60 ಎಂದು ಹಿಡಿಯಿರಿ. 3, 4, 5, 6 ನಾಲ್ಕರಿಂದಲೂ ಸರಿಯಾಗಿ ಭಾಗವಾಗುವ ಸಂಖ್ಯೆ ಅದು. ಭಾಗಗಳು 20, 12, 10, 15. ಒಟ್ಟು 57 ಹೋಯಿತು, 3 ಉಳಿಯಿತು. ಉಳಿಯಬೇಕಾದದ್ದು 6, ಅಂದರೆ ಎರಡರಷ್ಟು. ಹಾಗಾದರೆ ರಾಶಿಯೂ ಎರಡರಷ್ಟು, 120. ಅಕ್ಷರವೇ ಬೇಕಾಗಲಿಲ್ಲ.

ಆದರೆ ಇಲ್ಲಿ ಒಂದು ಎಚ್ಚರಿಕೆ ಇದೆ. ಕಮಲದ ಲೆಕ್ಕದಲ್ಲಿ ಎಲ್ಲವೂ ರಾಶಿಯ ಭಾಗವೇ. ರಾಶಿ ದುಪ್ಪಟ್ಟಾದರೆ ಉಳಿದದ್ದೂ ದುಪ್ಪಟ್ಟಾಗುತ್ತದೆ. ರೊಟ್ಟಿಯ ಲೆಕ್ಕ ಹಾಗಲ್ಲ. ಅಲ್ಲಿ ‘30ಕ್ಕೆ 740 ಬಂತು, 680ಕ್ಕೆ ಎಷ್ಟು’ ಎಂದು ತ್ರೈರಾಶಿ ಹಾಕಿದರೆ ಇಪ್ಪತ್ತೇಳೂವರೆ ಚಿಲ್ಲರೆ ಬರುತ್ತದೆ. ನಿಜವಾದ ಉತ್ತರ 60. ತ್ರೈರಾಶಿ ನಮ್ಮನ್ನು ಉಲ್ಟಾ ದಿಕ್ಕಿಗೆ ಕರೆದುಕೊಂಡು ಹೋಯಿತು. ಅಕ್ಷರ ಬೇಕಾಗುವುದು ಇಂಥ ಕಡೆಯೇ. ಸುಳ್ಳು ಉತ್ತರವನ್ನು ತಿದ್ದಲು ಹೋಗಬೇಡಿ. ಅದನ್ನು ಒರೆಸಿ ಅಕ್ಷರಕ್ಕೆ ಜಾಗ ಮಾಡಿಕೊಡಿ, ಅಷ್ಟೇ.

ಅಕ್ಷರದ ಬಗ್ಗೆ ಇನ್ನೊಂದು ಮಾತು. ಖ ಎಂದರೆ ಖಡಕ್ ರೊಟ್ಟಿ ಅಲ್ಲ. ಖ ಎಂದರೆ ಖಡಕ್ ರೊಟ್ಟಿಗಳ ಸಂಖ್ಯೆ. ಇದೇನು ಕೂದಲು ಸೀಳುವ ಮಾತು ಎನಿಸಬಹುದು. ಆದರೆ ಒಳ್ಳೆಯ ಅಂಕ ತೆಗೆಯುವ ಮಕ್ಕಳೂ ಎಡವುವುದು ಇಲ್ಲೇ. ಕೆಳಗಿನ ಮಾತನ್ನು ಸಮೀಕರಣ ಮಾಡಲು ಮಗಳಿಗೆ ಹೇಳಿ ನೋಡಿ: ‘ಒಂದು ಕಿಲೋ ಹಿಟ್ಟಿಗೆ 20 ರೊಟ್ಟಿ ಆಗುತ್ತವೆ.’ ಹಿಟ್ಟಿಗೆ ಹ, ರೊಟ್ಟಿಗೆ ರ. ಬಹಳ ಮಕ್ಕಳು ಹ = 20ರ ಎಂದು ಬರೆಯುತ್ತಾರೆ. ಒಂದು ಹಿಟ್ಟು, ಇಪ್ಪತ್ತು ರೊಟ್ಟಿ. ಮಾತು ಬಂದ ಸಾಲಿನಲ್ಲೇ ಬರೆದರು. ಈಗ ಸುಳ್ಳು ಉತ್ತರ ಹಾಕಿ ನೋಡಿ. 3 ಕಿಲೋ ಹಿಟ್ಟು ಇದ್ದರೆ ರೊಟ್ಟಿ 60 ಎಂದು ಯಾರಾದರೂ ಹೇಳುತ್ತಾರೆ. ಹ = 20ರ ಎಂಬಲ್ಲಿ ಹಾಕಿದರೆ 3 = 1200. ಕೂಡಲೇ ಗೊತ್ತಾಗುತ್ತದೆ. ಸರಿಯಾದದ್ದು ರ = 20ಹ. ಅದಕ್ಕೇ ಮಗಳು ಅಕ್ಷರ ಇಡುವಾಗ ‘ಖ = ಖಡಕ್’ ಎಂದು ಬರೆದರೆ ಬಿಡಬೇಡಿ. ‘ಖ = ಕೊಟ್ಟ ಖಡಕ್ ರೊಟ್ಟಿಗಳ ಸಂಖ್ಯೆ’ ಎಂದು ಪೂರಾ ಬರೆಸಿ. ದುಡ್ಡಾದರೆ ರೂಪಾಯಿಯಲ್ಲೋ ಪೈಸೆಯಲ್ಲೋ, ಹೊತ್ತಾದರೆ ಗಂಟೆಯಲ್ಲೋ ನಿಮಿಷದಲ್ಲೋ, ಅದನ್ನೂ ಬರೆಸಿ.

ಗಂಟೆ-ನಿಮಿಷದ ಎಡವಟ್ಟಿಗೆ ಚಿಕ್ಕದೊಂದು ಉದಾಹರಣೆ. ಹುಬ್ಬಳ್ಳಿ-ಧಾರವಾಡ ನಡುವೆ 20 ಕಿಲೋಮೀಟರ್ ಎಂದು ಹಿಡಿಯೋಣ. ಧಾರವಾಡದಿಂದ ಒಬ್ಬ ಸೈಕಲ್ ಹೊಡೆಯುತ್ತಾ ಗಂಟೆಗೆ 15 ಕಿಲೋಮೀಟರ್ ವೇಗದಲ್ಲಿ ಬರುತ್ತಾನೆ. ಅದೇ ಹೊತ್ತಿಗೆ ಹುಬ್ಬಳ್ಳಿಯಿಂದ ಒಬ್ಬಳು ಸ್ಕೂಟರ್ ಮೇಲೆ ಗಂಟೆಗೆ 45ರ ವೇಗದಲ್ಲಿ ಹೊರಡುತ್ತಾಳೆ. ಎಷ್ಟು ಹೊತ್ತಿಗೆ ಎದುರಾಗುತ್ತಾರೆ? ಅರ್ಧ ಗಂಟೆ ಎಂದು ಸುಳ್ಳು ಉತ್ತರ ಹಿಡಿಯಿರಿ. ಅವನು ಏಳೂವರೆ ಕಿಲೋಮೀಟರ್ ಬಂದ, ಅವಳು ಇಪ್ಪತ್ತೆರಡೂವರೆ. ಕೂಡಿದರೆ 30. ದಾರಿ ಇರುವುದೇ 20. ಅಂದರೆ 15ಗ + 45ಗ = 20, ಗ = ಮೂರನೇ ಒಂದು ಗಂಟೆ, ಅಂದರೆ 20 ನಿಮಿಷ. ಗ ಎಂದರೆ ನಿಮಿಷ ಎಂದುಕೊಂಡವರಿಗೆ ಒಂದು ನಿಮಿಷದ ಒಳಗೇ ಇಬ್ಬರೂ ಎದುರಾಗಿಬಿಡುತ್ತಾರೆ!

ಈಗ ವಯಸ್ಸಿನ ಲೆಕ್ಕ. ಇದು ಪ್ರತಿ ಪುಸ್ತಕದಲ್ಲೂ ಇರುತ್ತದೆ. ನಿಜ ಜೀವನದಲ್ಲಿ ಯಾರೂ ಇದನ್ನು ಕೇಳುವುದಿಲ್ಲ ಎಂದು ಮಕ್ಕಳು ನಗುತ್ತಾರೆ, ಅದೂ ಸರಿಯೇ. ಆದರೂ ಕಲಿಸಲು ಇದಕ್ಕಿಂತ ಒಳ್ಳೆಯದು ಸಿಗುವುದಿಲ್ಲ. ತಾಯಿಗೆ 38, ಮಗಳಿಗೆ 14. ಎಷ್ಟು ವರ್ಷಕ್ಕೆ ತಾಯಿಯ ವಯಸ್ಸು ಮಗಳ ವಯಸ್ಸಿನ ಎರಡರಷ್ಟು ಆಗುತ್ತದೆ?

5 ವರ್ಷ ಎಂದು ಹಿಡಿಯಿರಿ. ತಾಯಿ 38 + 5, ಮಗಳು 14 + 5. ಮಗಳದ್ದನ್ನು ಇಮ್ಮಡಿ ಮಾಡಿದರೆ 2 × (14 + 5). 43 ಒಂದು ಕಡೆ, 38 ಇನ್ನೊಂದು ಕಡೆ. ಸುಳ್ಳು. ಐದನ್ನು ಒರೆಸಿ ವ ಹಾಕಿದರೆ 38 + ವ = 2(14 + ವ). ಇಲ್ಲಿ ಎರಡು ತಪ್ಪು ಆಗುತ್ತವೆ. ಮಗಳಿಗೆ ವಯಸ್ಸಾಗುತ್ತದೆ, ತಾಯಿಗೆ ಆಗುವುದೇ ಇಲ್ಲ ಎಂಬಂತೆ ಎಡಗಡೆ ಬರೀ 38 ಬರೆಯುವುದು ಒಂದು. ಆವರಣ ಬಿಟ್ಟು 2 × 14 + ವ ಎಂದು ಬರೆಯುವುದು ಇನ್ನೊಂದು. ಸುಳ್ಳು ಉತ್ತರ ಹಾಕಿ ತಾಳೆ ನೋಡಿದವರು ಎರಡನ್ನೂ ಮಾಡುವುದಿಲ್ಲ. ಐದು ವರ್ಷ ಕಳೆದ ಮೇಲೆ ಮಗಳಿಗೆ 19, ಅದರ ಎರಡರಷ್ಟು 38 ಎಂದು ಅವರು ಆಗಲೇ ಬೆರಳೆಣಿಸಿರುತ್ತಾರೆ.

ಬಿಡಿಸಿದರೆ 38 + ವ = 28 + 2ವ, ವ = 10. ತಾಯಿ 48, ಮಗಳು 24.

ಸಾಲಿನಿಂದ ಸಾಲಿಗೆ ಹೋಗುವಾಗ ‘ಆಚೆ ಹೋದರೆ ಪ್ಲಸ್ಸು ಮೈನಸ್ಸಾಗುತ್ತದೆ’ ಎಂದು ಮಕ್ಕಳು ಮಂತ್ರದಂತೆ ಹೇಳುತ್ತಾರೆ. ಪುಸ್ತಕದಲ್ಲಿ ಇದಕ್ಕೆ ಪಕ್ಷಾಂತರ ಎಂಬ ಹೆಸರಿದೆ. ಯಾಕೆ ಹಾಗಾಗುತ್ತದೆ ಎಂದು ಕೇಳಿದರೆ ಬಾಯಿ ಮುಚ್ಚಿ ಕೂಡುತ್ತಾರೆ. ಸಮ ಚಿಹ್ನೆಯನ್ನು ತಕ್ಕಡಿ ಎಂದು ತೋರಿಸಿ. ಎರಡೂ ತಟ್ಟೆಯಿಂದ ಒಂದೊಂದು ವ ತೆಗೆದರೆ ಎಡಗಡೆ 38 ಉಳಿಯಿತು, ಬಲಗಡೆ 28 + ವ. ಎರಡೂ ಕಡೆಯಿಂದ 28 ತೆಗೆದರೆ 10 ಮತ್ತು ವ. ಯಾವುದೂ ಆಚೆ ಹೋಗಲಿಲ್ಲ, ಚಿಹ್ನೆಯೂ ಬದಲಾಗಲಿಲ್ಲ. ಎರಡೂ ಕಡೆಯಿಂದ ಅಷ್ಟಷ್ಟೇ ತೆಗೆದೆವು. ಮಂತ್ರ ಬೇಡ ಎನ್ನುವುದಿಲ್ಲ, ಪರೀಕ್ಷೆಯಲ್ಲಿ ಅದರಿಂದ ಹೊತ್ತು ಉಳಿಯುತ್ತದೆ. ಅರ್ಥ ಗೊತ್ತಿದ್ದು ಹೇಳಿದರೆ ಸಾಕು.

ಇದೇ ಲೆಕ್ಕದಲ್ಲಿ ‘ಎರಡರಷ್ಟು’ ತೆಗೆದು ‘ಮೂರರಷ್ಟು’ ಹಾಕಿ. 38 + ವ = 3(14 + ವ). ಬಿಡಿಸಿದರೆ 38 + ವ = 42 + 3ವ, ಅಂದರೆ 2ವ = −4, ವ = −2. ಮಗಳು ‘ಮೈನಸ್ ಬಂತು, ತಪ್ಪಾಗಿದೆ’ ಎಂದು ಹೊಡೆದುಹಾಕುತ್ತಾಳೆ. ತಡೆಯಿರಿ. ಇನ್ನು ಮೈನಸ್ ಎರಡು ವರ್ಷಕ್ಕೆ ಎಂದರೆ ಎರಡು ವರ್ಷದ ಹಿಂದೆ. ಆಗ ತಾಯಿಗೆ 36, ಮಗಳಿಗೆ 12. ಮೂರರಷ್ಟೇ ಇತ್ತು! ನಾವು ಪ್ರಶ್ನೆಯನ್ನು ಮುಂದೆ ನೋಡುತ್ತಾ ಕೇಳಿದೆವು, ಸಮೀಕರಣ ಹಿಂದೆ ತಿರುಗಿ ಉತ್ತರ ಕೊಟ್ಟಿತು. ನನಗೆ ಬೀಜಗಣಿತದಲ್ಲಿ ಅತಿ ಇಷ್ಟವಾದ ಸಂಗತಿಗಳಲ್ಲಿ ಇದೊಂದು.

ಆದರೆ ಮೈನಸ್ ಬಂದಾಗಲೆಲ್ಲ ಅರ್ಥ ಇರುತ್ತದೆ ಎಂದಲ್ಲ. ಖಾನಾವಳಿಯವರು 100 ರೊಟ್ಟಿಗೆ 850 ರೂಪಾಯಿ ಕೊಟ್ಟರು ಎಂದು ಯಾರೋ ಬರೆದಿಟ್ಟಿದ್ದಾರೆ ಎಂದುಕೊಳ್ಳಿ. 800 − 2ಖ = 850, ಖ = −25. ಮೈನಸ್ ಇಪ್ಪತ್ತೈದು ಖಡಕ್ ರೊಟ್ಟಿ ಎಲ್ಲೂ ಇಲ್ಲ. ಎಲ್ಲವೂ ಮೆತ್ತಗಿನವೇ ಆದರೂ 800 ದಾಟುವುದಿಲ್ಲ. ಇಲ್ಲಿ ಮಗಳ ಲೆಕ್ಕ ಸರಿಯಿದೆ, ತಪ್ಪಿರುವುದು ವಹಿಯಲ್ಲಿ. ಉತ್ತರ ಬಂದ ಮೇಲೆ ಅದನ್ನು ಮತ್ತೆ ಮಾತಿಗೆ ತಂದು ನೋಡು ಎಂದು ನಾನು ಒತ್ತಿ ಹೇಳುವುದು ಇದಕ್ಕೇ.

ರೈಲಿನ ಲೆಕ್ಕವೂ ತಪ್ಪದೆ ಬರುತ್ತದೆ. ಪುಸ್ತಕದಲ್ಲಿ ‘200 ಮೀಟರ್ ಪ್ಲಾಟ್‌ಫಾರ್ಮ್’ ಎಂದು ನೀರಸವಾಗಿ ಕೊಡುತ್ತಾರೆ. ನಮ್ಮ ಹುಬ್ಬಳ್ಳಿಯ ಸಿದ್ಧಾರೂಢ ನಿಲ್ದಾಣದ್ದನ್ನೇ ತೆಗೆದುಕೊಳ್ಳಿ. 2023ರ ಮಾರ್ಚಿನಲ್ಲಿ ಉದ್ಘಾಟನೆಯಾದ ಆ ಪ್ಲಾಟ್‌ಫಾರ್ಮ್ 1507 ಮೀಟರ್ ಉದ್ದ, ಜಗತ್ತಿನಲ್ಲೇ ಅತಿ ಉದ್ದದ್ದು. ಒಂದು ಗೂಡ್ಸ್ ಗಾಡಿ ನಿಲ್ಲದೆ ಸೆಕೆಂಡಿಗೆ 10 ಮೀಟರ್ ವೇಗದಲ್ಲಿ ಅದನ್ನು ದಾಟಿ ಹೋಯಿತು ಎಂದುಕೊಳ್ಳಿ. ಇಂಜಿನ್ನು ಪ್ಲಾಟ್‌ಫಾರ್ಮಿನ ಈ ತುದಿಗೆ ಬಂದಾಗ ಎಣಿಸಲು ಶುರು ಮಾಡಿದಿರಿ. ಕೊನೆಯ ಡಬ್ಬಿ ಆ ತುದಿ ಬಿಟ್ಟಾಗ 3 ನಿಮಿಷ 35 ಸೆಕೆಂಡ್ ಆಗಿತ್ತು. ಗಾಡಿ ಎಷ್ಟು ಉದ್ದ? ಅಷ್ಟು ಹೊತ್ತಿನಲ್ಲಿ ಇಂಜಿನ್ನು ಪ್ಲಾಟ್‌ಫಾರ್ಮಿನ ಉದ್ದವನ್ನೂ ಓಡಿತು, ಅದು ಮುಗಿದ ಮೇಲೆ ತನ್ನ ಗಾಡಿಯಷ್ಟು ಉದ್ದವನ್ನೂ ಓಡಿತು. 1507 + ಉ = 10 × 215. ಉ = 643 ಮೀಟರ್. ಇಲ್ಲಿ ಬೀಜಗಣಿತ ಕಡಿಮೆ, ಚಿತ್ರ ಜಾಸ್ತಿ. ಕಾಗದದ ಮೇಲೆ ಎರಡು ಗೆರೆ ಎಳೆದು ಒಂದು ಪೆನ್ಸಿಲನ್ನು ಗಾಡಿ ಮಾಡಿ ಸರಿಸಿದರೆ ಮುಗಿಯಿತು.

ಇನ್ನು ನಿಜವಾಗಿ ದುಡ್ಡು ಉಳಿಸುವ ಲೆಕ್ಕಗಳು. ಹುಬ್ಬಳ್ಳಿಯ ದುರ್ಗದ ಬೈಲಿನಲ್ಲಿ ಒಂದು ಸೀರೆ ಕೊಂಡಿರಿ. ನೂರಕ್ಕೆ 15 ಸೋಡಿ ಬಿಟ್ಟು 1,700 ರೂಪಾಯಿ ತೆಗೆದುಕೊಂಡರು. ಸೋಡಿಗೆ ಮೊದಲು ಎಷ್ಟಿತ್ತು? ದೊಡ್ಡವರೂ ಇಲ್ಲಿ 1,700ಕ್ಕೆ ನೂರಕ್ಕೆ 15ರಂತೆ 255 ಕೂಡಿಸಿ 1,955 ಎನ್ನುತ್ತಾರೆ. ಸರಿ, 1,955 ಎಂದೇ ಸುಳ್ಳು ಉತ್ತರ ಹಿಡಿದು ತಾಳೆ ನೋಡಿ. 1,955ಕ್ಕೆ ನೂರಕ್ಕೆ 15 ಎಂದರೆ 293 ರೂಪಾಯಿ 25 ಪೈಸೆ. ಕಳೆದರೆ 1,661 ರೂಪಾಯಿ 75 ಪೈಸೆ. 1,700 ಬರಲಿಲ್ಲ. ಅಂಗಡಿಯವರು ಸೋಡಿ ಲೆಕ್ಕ ಹಾಕಿದ್ದು ಮೊದಲಿನ ಬೆಲೆಯ ಮೇಲೆ, ನೀವು ಕೊಟ್ಟ ದುಡ್ಡಿನ ಮೇಲೆ ಅಲ್ಲ. ಮೊದಲಿನ ಬೆಲೆ ಬ ಆದರೆ ಬ − 0.15ಬ = 1700, ಅಂದರೆ 0.85ಬ = 1700, ಬ = 2000. ಜಿಎಸ್‌ಟಿ ಸೇರಿದ ಬಿಲ್ಲಿನಿಂದ ಅಸಲು ತೆಗೆಯುವುದೂ ಇದೇ ರೀತಿ. 18 ಪರ್ಸೆಂಟ್ ಸೇರಿ 1,180 ಆಗಿದ್ದರೆ 1.18ಅ = 1180, ಅಸಲು 1,000. 1,180ರ 18 ಪರ್ಸೆಂಟ್ ಕಳೆದರೆ ತಪ್ಪು ಉತ್ತರ ಬರುತ್ತದೆ.

ಇದಕ್ಕಿಂತಲೂ ನಿಮಗೆ ಹತ್ತಿರದ್ದು ಒಂದಿದೆ. ರೊಟ್ಟಿ ಬಡಿಯಲು ಒಬ್ಬರನ್ನು ಇಟ್ಟುಕೊಂಡಿದ್ದೀರಿ, ದಿನಕ್ಕೆ 400 ರೂಪಾಯಿ ಪಗಾರ. ಗ್ಯಾಸಿಗೆ ದಿನಕ್ಕೆ 150 ಎಂದು ಹಿಡಿಯೋಣ. ಒಂದು ರೊಟ್ಟಿಗೆ ಹಿಟ್ಟಿನ ಖರ್ಚು ಎರಡೂವರೆ ರೂಪಾಯಿ, ಮಾರುವುದು ಆರಕ್ಕೆ. ದಿನಕ್ಕೆ ಎಷ್ಟು ರೊಟ್ಟಿ ಹೋದರೆ ಕೈ ಕಚ್ಚುವುದಿಲ್ಲ? 100 ಎಂದು ಹಿಡಿಯಿರಿ. ಬಂದದ್ದು 600. ಹೋದದ್ದು 550 + 250, ಅಂದರೆ 800. ಕಚ್ಚಿತು. 6ರ = 550 + 2.5ರ ಎಂದು ಬರೆದರೆ 3.5ರ = 550, ರ = 157.14 ಚಿಲ್ಲರೆ. ಶಾಲೆಯ ಲೆಕ್ಕದಲ್ಲಿ ಹೀಗೆ ಚಿಲ್ಲರೆ ಬಂದರೆ ಮಕ್ಕಳು ಗಾಬರಿಯಾಗುತ್ತಾರೆ, ಅಲ್ಲಿ ಯಾವಾಗಲೂ ಪೂರ್ಣ ಸಂಖ್ಯೆ ಬರುವ ಹಾಗೆ ಲೆಕ್ಕ ಕಟ್ಟಿರುತ್ತಾರೆ. ವ್ಯಾಪಾರದಲ್ಲಿ ಹಾಗೆ ಬರುವುದು ಅಪರೂಪ. 157 ರೊಟ್ಟಿಗೆ ಉಳಿಯುವುದು 549 ರೂಪಾಯಿ 50 ಪೈಸೆ, 50 ಪೈಸೆ ಕಡಿಮೆ ಬಿತ್ತು. 158 ಆದರೆ 553, ಮೂರು ರೂಪಾಯಿ ಮೇಲಾಯಿತು. ಉತ್ತರ 158. ಅರ್ಧಕ್ಕಿಂತ ಕಡಿಮೆ ಚಿಲ್ಲರೆ ಬಿಟ್ಟುಬಿಡಬೇಕು ಎಂಬ ಶಾಲೆಯ ನಿಯಮ ಇಲ್ಲಿ ನಡೆಯುವುದಿಲ್ಲ.

ಖಾರಪುಡಿಯ ಲೆಕ್ಕವನ್ನು ಮಗಳಿಗೇ ಬಿಡುತ್ತೇನೆ. ಬಣ್ಣಕ್ಕೆ ಬ್ಯಾಡಗಿ, ಖಾರಕ್ಕೆ ಗುಂಟೂರು ಎಂದು ಬೆರೆಸುತ್ತೇವೆ. ಬ್ಯಾಡಗಿ ಕಿಲೋಗೆ 400, ಗುಂಟೂರು 240 ಎಂದು ಹಿಡಿಯಿರಿ. ಕಿಲೋಗೆ 300 ಬೀಳುವ ಹಾಗೆ 8 ಕಿಲೋ ಮಾಡಬೇಕು. ಬ್ಯಾಡಗಿ ಎಷ್ಟು ಹಾಕಬೇಕು? ಅವಳು ಸಮೀಕರಣ ಬರೆದ ಮೇಲೆ ಅದನ್ನೂ ರೊಟ್ಟಿಯ ಸಮೀಕರಣವನ್ನೂ ಪಕ್ಕಪಕ್ಕ ಇಟ್ಟು ನೋಡಲು ಹೇಳಿ. ಅಂಕೆ ಬಿಟ್ಟು ಬೇರೇನೂ ಬದಲಾಗಿರುವುದಿಲ್ಲ. ಬ್ಯಾಡಗಿ 3 ಕಿಲೋ ಬಂದರೆ ಸರಿ.

ಪರೀಕ್ಷೆಯ ಬಗ್ಗೆ ಕೇಳಿದ್ದೀರಿ. ನಮ್ಮ ಕಡೆ ಗಣಿತದ ಪೇಪರಿನಲ್ಲಿ ಹಂತ ಹಂತಕ್ಕೆ ಅಂಕ ಇರುತ್ತದೆ. ಬರೀ ‘60’ ಎಂದು ಬರೆದರೆ ಉತ್ತರ ಸರಿಯಿದ್ದರೂ ಪೂರ್ತಿ ಅಂಕ ಸಿಗುವುದು ಕಷ್ಟ. ಅಕ್ಷರ ಯಾವುದಕ್ಕೆ ಇಟ್ಟದ್ದು ಎಂದು ಒಂದು ಸಾಲು, ಸಮೀಕರಣ, ಬಿಡಿಸಿದ್ದು, ಕೊನೆಗೆ ‘ಖಡಕ್ ರೊಟ್ಟಿಗಳ ಸಂಖ್ಯೆ 60’ ಎಂದು ಮಾತಿನಲ್ಲಿ ಉತ್ತರ. ಇಷ್ಟು ಇರಲೇಬೇಕು. ಸುಳ್ಳು ಉತ್ತರದ ತಾಳೆ ಕಚ್ಚಾ ಕೆಲಸದ ಜಾಗದಲ್ಲಿ ಇರಲಿ, ಉತ್ತರದ ನಡುವೆ ಬೇಡ. ಸಮೀಕರಣ ಬರೆಯಲು ಬಂದು ಮುಂದೆ ಕೂಡಿಸಿ ಕಳೆಯುವುದರಲ್ಲಿ ತಪ್ಪಿದರೂ ಒಂದಿಷ್ಟು ಅಂಕ ಕೈಗೆ ಬರುತ್ತದೆ. ಆದ್ದರಿಂದ ಲೆಕ್ಕ ಪೂರ್ತಿ ತಿಳಿಯದಿದ್ದರೂ ಖಾಲಿ ಬಿಡಬೇಡ ಎಂದು ಹೇಳಿ.

ಮುಂದಿನ ವರ್ಷ ಹತ್ತನೇ ತರಗತಿಯಲ್ಲಿ ಎರಡು ಅಕ್ಷರದ ಜೋಡಿ ಸಮೀಕರಣಗಳು ಬರುತ್ತವೆ. ಹೆದರುವಂಥದ್ದೇನೂ ಇಲ್ಲ. ಮೆತ್ತಗಿನ ರೊಟ್ಟಿಯ ಸಂಖ್ಯೆಗೂ ಮ ಎಂದು ಬೇರೆ ಅಕ್ಷರ ಇಟ್ಟರೆ ನಮ್ಮದೇ ಲೆಕ್ಕ ಹೀಗಾಗುತ್ತದೆ:

ಖ + ಮ = 100
6ಖ + 8ಮ = 680

ಮೊದಲಿನದನ್ನು ಆರರಿಂದ ಗುಣಿಸಿದರೆ 6ಖ + 6ಮ = 600. ಎರಡನೆಯದರಿಂದ ಕಳೆದರೆ 2ಮ = 80, ಮ = 40. ಇದಕ್ಕೆ ಪುಸ್ತಕದಲ್ಲಿ ವರ್ಜಿಸುವ ವಿಧಾನ ಎಂದು ದೊಡ್ಡ ಹೆಸರಿದೆ. ನಿಮ್ಮ ಬಾಯಲ್ಲಿ ಅದು ‘ಎಲ್ಲಾ ಖಡಕ್ ಇದ್ದಿದ್ರ ಆರನೂರು ಬರ್ತಿತ್ತು, ಎಂಬತ್ತು ಜಾಸ್ತಿ ಬಂದೈತಿ’ ಎಂದಾಗುತ್ತದೆ.

ಮನೆಯಲ್ಲಿ ಅಭ್ಯಾಸಕ್ಕೆ ಏನು ಮಾಡಿಸಲಿ ಎಂದರೆ, ಲೆಕ್ಕ ಬಿಡಿಸುವುದಕ್ಕಿಂತ ಲೆಕ್ಕ ಕಟ್ಟುವುದನ್ನು ಮಾಡಿಸಿ. ನಿಮ್ಮ ವಹಿ ಅವಳ ಕೈಗೆ ಕೊಡಿ, ಅದರಿಂದ ಒಂದು ಲೆಕ್ಕ ಹೆಣೆದು ನಿಮಗೆ ಕೇಳಲಿ. ನೀವು ಬಾಯಲ್ಲಿ ಮಾಡಿ, ಅವಳು ಸಮೀಕರಣದಲ್ಲಿ ಮಾಡಲಿ. ಮೊದಮೊದಲು ಅವಳು ಸುಮ್ನೆ ಯಾವುದೋ ಮೊತ್ತ ಹಾಕುತ್ತಾಳೆ. 100 ರೊಟ್ಟಿಗೆ 685 ರೂಪಾಯಿ ಎಂದು ಬರೆದಳು ಎಂದುಕೊಳ್ಳಿ. ಐವತ್ತೇಳೂವರೆ ಖಡಕ್ ರೊಟ್ಟಿ ಬರುತ್ತದೆ. ಅರ್ಧ ರೊಟ್ಟಿ ಯಾಕೆ ಬಂತು ಎಂದು ಕೇಳಿ, ಉತ್ತರ ನೀವು ಹೇಳಬೇಡಿ. 6 ಮತ್ತು 8 ಎರಡೂ ಸಮಸಂಖ್ಯೆ, ಎಷ್ಟು ರೊಟ್ಟಿ ಮಾರಿದರೂ ಮೊತ್ತ ಬೆಸಸಂಖ್ಯೆ ಆಗಲು ಸಾಧ್ಯವಿಲ್ಲ ಎಂಬುದನ್ನು ಅವಳೇ ಹುಡುಕಲಿ, ಎರಡು ದಿನ ಹಿಡಿದರೂ ಚಿಂತೆಯಿಲ್ಲ.